ಐದನೇ ಮನೆ

ಸಾದಲಿಯ ನರಸಿಂಹಪ್ಪನ ಹುಳುಮನೆಯಲ್ಲಿ, ಹುಳು ಮೇಯಿಸುವ ಅಟ್ಟಣೆಯ ಮೂರನೇ ಅಂಕಣದಿಂದ ಗಂಗರಾಜು ಎತ್ತಿಕೊಂಡ ರೇಷ್ಮೆ ಹುಳು ಬೆರಳ ಸಂದಿಯಲ್ಲೇ ಒಡೆದು, ಹೆಬ್ಬೆರಳಿಗೆ ಹಾಲಿನಂಥ ಬಿಳಿ ರಸ ಇಳಿಯಿತು. ಅದೇ ಹೊತ್ತಿಗೆ ಅವನ ಸೊಂಟದಲ್ಲಿದ್ದ ಮೊಬೈಲು ಕೂಗತೊಡಗಿತು. ನರಸಿಂಹಪ್ಪನಾಗಲಿ ಅವನ ಹೆಂಡತಿ ಅಶ್ವತ್ಥಮ್ಮನಾಗಲಿ ಮೊಬೈಲಿನ ಕಡೆ ತಿರುಗಿಯೂ ನೋಡಲಿಲ್ಲ. ಇಬ್ಬರ ಕಣ್ಣೂ ಆ ಹೆಬ್ಬೆರಳ ಮೇಲಿತ್ತು.

"ಹಾಲುತೊಂಡೆ ರೋಗ ತಾನೆ?" ಅಂದ ನರಸಿಂಹಪ್ಪ.

"ಹೂಂ ಕಣಪ್ಪ. ಈ ಅಂಕಣ ಪೂರ್ತಿ ತೆಗೆದು ಹೂತಾಕ್ಬಿಡಿ. ಉಳಿದಿದ್ದಕ್ಕೆ ಈಗ್ಲೇ ಪುಡಿ ಹೊಡೀರಿ. ಅರ್ಧ ಬೆಳೆನಾದ್ರೂ ಉಳ್ಕೊಳ್ತದೆ."

ಮೊಬೈಲು ಬಾಯಿ ಮುಚ್ಚಲಿಲ್ಲ. ಮೂರು ಸಲ ಕೂಗಿಯೂ ಎತ್ತದಿದ್ದರೆ ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಹೆಸರಿನ ಮುಂದೆ ಕೆಂಪು ಶಾಯಿ ಬೀಳುತ್ತದೆ. ಗಂಗರಾಜು ಗಡಿಬಿಡಿಯಿಂದ ಅದೇ ಕೈಯಲ್ಲಿ ಎಳೆದು ಕಿವಿಗಿಟ್ಟುಕೊಂಡ.

"ಎಲ್ಲಿದೀರ ಗಂಗರಾಜು ಅವ್ರೇ?" ಆ ಕಡೆಯಿಂದ ಮ್ಯಾನೇಜರ್ ವೇಣುವಿನ ದನಿ. "ಹನ್ನೊಂದೂವರೆ ಆಯ್ತು. ನಿಮ್ದು ಇನ್ನೂ ನಾಲ್ಕು ಮನೆ. ಚಿಂತಾಮಣಿ ಕಡೆ ಆವಲಪ್ಪನವ್ರು ಆಗ್ಲೇ ಆರು ಮುಗಿಸಿದ್ರು. ಎಂಟು ಆಗ್ಲೇಬೇಕು ಸರ್, ಬೆಂಗಳೂರಿಂದ ಕೇಳ್ತಾರೆ. ಹೋದ ತಿಂಗಳೇ ನಿಮ್ಮದು ಎಲ್ಲರಿಗಿಂತ ಕಡಿಮೆ."

"ಮುಂದೆ ಪೆರೇಸಂದ್ರದ ಕಡೆ, ಅಕ್ಕಯಮ್ಮನವರ ಮನೆ ಸರ್," ಅಂದುಬಿಟ್ಟ ಗಂಗರಾಜು. ಅಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. ನರಸಿಂಹಪ್ಪ ಹೆಂಡತಿಯ ಮುಖ ನೋಡಿದ. ಅಶ್ವತ್ಥಮ್ಮನ ಕಣ್ಣು ಮೊಬೈಲು ಹಿಡಿದ ಕೈಯ ಮೇಲಿತ್ತು.

ಅವರು ಹಾಗೆ ನೋಡಿದ್ದಕ್ಕೆ ಕಾರಣವಿತ್ತು. ಹುಳು ಸಾಕುವವರ ಮನೆಯೆಂದರೆ ರೋಗ ಅಂಟೀತೆಂದು ನೆಂಟರು ಬಂದರೂ ಹೊಸ್ತಿಲಾಚೆಯೇ ಮಾತು, ಅಲ್ಲಿಗೇ ಮಜ್ಜಿಗೆ, ಅಲ್ಲಿಂದಲೇ ವಾಪಸು. ಹುಳುವಿಗೆ ಹಾಕುವ, ಸೋಂಕು ತಡೆಯುವ ಪುಡಿ ಮಾರುವ ಕಂಪನಿಯವರಲ್ಲಿ ಗಂಗರಾಜು ಒಬ್ಬನನ್ನು ಮಾತ್ರ ಈ ಸುತ್ತಿನ ರೈತರು ಅಂಕಣದ ತನಕ ಬಿಟ್ಟುಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಅವನ ಪುಡಿಯಲ್ಲ, ಅವನು ಇಟ್ಟುಕೊಂಡಿದ್ದ ಒಂದು ಕಟ್ಟಳೆ. ರೋಗದ ಹುಳು ಇರುವ ಮನೆಗೆ ಕಾಲಿಟ್ಟ ದಿನ ಅವನು ಮುಂದಿನ ಮನೆಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಅಂಥ ಮನೆ ಸಿಕ್ಕಿದರೂ ಸರಿ, ಬೈಕು ತಿರುಗಿಸಿ ನೇರ ಶಿಡ್ಲಘಟ್ಟಕ್ಕೆ ಹೋಗಿ, ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ನಾಳೆಯ ಮಾತು ನಾಳೆ ಅನ್ನುತ್ತಿದ್ದ. ಹದಿನೆಂಟು ವರ್ಷ ಹಾಗೇ ನಡೆದಿತ್ತು. ಆಗ ಅವನು ಎಲ್ಲಿದ್ದಾನೆಂದು ಕಂಪನಿಗೆ ಗೊತ್ತಾಗುತ್ತಿದ್ದುದು ವಾರಕ್ಕೊಮ್ಮೆ, ಅವನು ಎಸ್‌ಟಿಡಿ ಬೂತಿನಲ್ಲಿ ನಿಂತು ಹೇಳಿದರೆ ಮಾತ್ರ.

ಮೇಯಲು ಬಿಟ್ಟ ಹಸುವಿಗೆ ಗಂಟೆ ಕಟ್ಟುವ ಹಾಗೆ ಕಂಪನಿ ಐದು ಜನ ಸೇಲ್ಸ್‌ಮನ್‌ಗಳ ಸೊಂಟಕ್ಕೂ ಒಂದೊಂದು ಮೊಬೈಲು ಕಟ್ಟಿ ಎಂಟು ತಿಂಗಳಾಗಿತ್ತು. ಗಂಗರಾಜು ಅದನ್ನು ಬೈಯುವವನಲ್ಲ. ಬೈದರೆ ತಿನ್ನುವ ಅನ್ನಕ್ಕೆ ದ್ರೋಹವಾದೀತು. ಮೊದಲು ಒಂದು ಮನೆಯಲ್ಲಿ ಪುಡಿ ಮುಗಿದಿದೆ ಎಂದು ಗೊತ್ತಾಗಿ, ಅದು ಡಿಪೋಗೆ ತಲುಪಿ, ಚೀಲ ಬಸ್ಸು ಹತ್ತುವಷ್ಟರಲ್ಲಿ ಹುಳು ಗೂಡು ಕಟ್ಟಿ ಮುಗಿಸಿರುತ್ತಿತ್ತು. ಈಗ ಬದುವಿನ ಮೇಲೆ ನಿಂತು ಒಂದು ಮಾತು ಹೇಳಿದರೆ ಸಂಜೆ ಬಸ್ಸಿಗೆ ಸರಕು. ಮಾರಾಟ ಒಂದೂವರೆ ಪಟ್ಟು ಆಗಿತ್ತು. ಆದರೆ ಯಾವುದು ಮಾರಾಟವನ್ನು ಹೆಚ್ಚಿಸಿತೋ ಅದೇ ದಿನಕ್ಕೆ ಎಂಟು ಮನೆ ಎಂಬ ಲೆಕ್ಕವನ್ನೂ ತಂದಿತ್ತು. ರೋಗದ ಮನೆ ಸಿಕ್ಕಿತು, ಅದಕ್ಕೇ ನಿಂತೆ ಎಂದು ಎರಡು ಸಲ ಹೇಳಿ ನೋಡಿದ್ದ. ವೇಣು ಗೌರಿಬಿದನೂರಿನ ಹುಡುಗ, ಮೊದಲು ಬಿಸ್ಕತ್ತು ಮಾರಿಸುತ್ತಿದ್ದವನು. "ಕೈ ತೊಳ್ಕೊಂಡು ಮುಂದಿನ ಮನೆಗೆ ಹೋಗಿ ಸರ್," ಅಂದಿದ್ದ.

ಗಂಗರಾಜು ಕೈ ತೊಳೆದುಕೊಂಡ. ನರಸಿಂಹಪ್ಪನ ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದ, ಕಾಲೂ ತೊಳೆದ. ಅಕ್ಕಯಮ್ಮನ ಮನೆಯಲ್ಲಿ ಹೊಸ್ತಿಲು ದಾಟುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ, ಹೊರಗೇ ನಿಂತು ಐದನೇ ಮನೆ ಅನ್ನಿಸಿಕೊಂಡು ಬರುವುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಅಕ್ಕಯಮ್ಮ ಐವತ್ತೈದು ದಾಟಿದ ಹೆಂಗಸು. ಗಂಡ ಹೋದ ಮೇಲೆ ಎರಡು ಎಕರೆ ಹಿಪ್ಪುನೇರಳೆ, ವರ್ಷಕ್ಕೆ ಐದು ಬೆಳೆ ಅಂತ ತಾನೇ ನಿಂತು ನಡೆಸುತ್ತಿದ್ದಳು. ಅವಳ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಐದು ದಿನವಾಗಿತ್ತು. ಇನ್ನು ಮೂರು ದಿನ ಹೊಟ್ಟೆ ತುಂಬ ತಿಂದರೆ ಹಣ್ಣಾಗಿ ಗೂಡು ಕಟ್ಟಲು ಏರುವ ಹುಳು. ಗಂಗರಾಜು ಹೋದಾಗ ಅವಳು ಒಳಗೆ ಸೊಪ್ಪು ಹಾಕುತ್ತಿದ್ದಳು. ಇನ್ನೂರು ಚಿಟ್ಟೆಗಳ ಮೊಟ್ಟೆಯ, ಲಕ್ಷದ ಹತ್ತಿರದ ಹುಳು ಸೊಪ್ಪು ಕಡಿಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು.

"ಏಮಪ್ಪಾ ಗಂಗರಾಜು, ಹೊರಗೇ ನಿಂತ್ಕೊಂಡೆ? ಒಳಗೆ ಬಾ, ಹೆಂಗೈತೆ ನೋಡು."

"ಬೇಡಕ್ಕ, ಅರ್ಜೆಂಟಿದೆ. ಎಷ್ಟು ಚೀಲ ಬೇಕು ಹೇಳಿಬಿಡಿ, ಹೋಗ್ತೀನಿ."

ಅಷ್ಟರಲ್ಲಿ ಸೊಂಟದ ಗಂಟೆ ಬಾರಿಸಿತು. ವೇಣು ಈಚೆಗೆ ಕಲಿತಿದ್ದ ಹೊಸ ವಿದ್ಯೆ ಇದು. ಸೇಲ್ಸ್‌ಮನ್ ನಿಜವಾಗಿ ಆ ಮನೆಯಲ್ಲಿದ್ದಾನೋ ಇಲ್ಲವೋ ಎಂದು ತಿಳಿಯಲು ರೈತರ ಬಾಯಿಂದಲೇ ಒಂದು ಮಾತು ಕೇಳುವುದು. "ಅಕ್ಕಯಮ್ಮನವರ ಕೈಗೆ ಕೊಡಿ," ಅಂದ. ಅವಳ ಎರಡು ಕೈ ತುಂಬ ಸೊಪ್ಪಿತ್ತು. "ಇಲ್ಲೇ ತಗೊಂಡ್ ಬಾರಪ್ಪ," ಅಂದಳು. ಗಂಗರಾಜು ಚಪ್ಪಲಿ ಬಿಟ್ಟು, ಕಾಲು ಅದ್ದಿ, ಮತ್ತೊಮ್ಮೆ ಕೈ ತೊಳೆದು, ಒಳಗೆ ಹೋಗಿ ಮೊಬೈಲು ಕೊಟ್ಟ. ಅವಳು ಸೊಪ್ಪು ಕೆಳಗಿಟ್ಟು, "ಹೂಂ, ಬಂದವ್ನೆ, ನಿಮ್ ಹುಡುಗ ಇಲ್ಲೇ ಅವ್ನೆ," ಅಂದು ವಾಪಸು ಕೊಟ್ಟು, ಅದೇ ಕೈಯಲ್ಲಿ ಸೊಪ್ಪೆತ್ತಿ ಅಂಕಣಕ್ಕೆ ಹರಡಿದಳು.

ಪೆರೇಸಂದ್ರದ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಆರನೇ ಮನೆಗೆ ಫೋನ್ ಮಾಡೋಣವೆಂದು ಮೊಬೈಲು ತೆಗೆದವನು ಅದನ್ನು ಬೆಳಕಿಗೆ ತಿರುಗಿಸಿ ನೋಡಿದ. ಗುಂಡಿಗಳ ಸಂದಿಯಲ್ಲಿ, ಪಕ್ಕದ ಅಂಚಿನಲ್ಲಿ ಬೆಳ್ಳಗೆ ಏನೋ ಒಣಗಿತ್ತು. ಕೈ ಎರಡು ಸಲ ತೊಳೆದಿದ್ದ, ಕಾಲು ಎರಡು ಸಲ ತೊಳೆದಿದ್ದ. ಮೊಬೈಲನ್ನು ತೊಳೆಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಹದಿನೆಂಟು ವರ್ಷದ ಕಟ್ಟಳೆಯಲ್ಲಿ ಮೊಬೈಲಿಗೆ ಜಾಗವೇ ಇರಲಿಲ್ಲ.

ಟೀ ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದ. ಕೊನೆಗೆ ಅಕ್ಕಯಮ್ಮನ ಮನೆಯ ನಂಬರು ಒತ್ತಿದ. ಈಗಲೇ ಹೇಳಿದರೆ ಅವಳು ಆ ಸೊಪ್ಪು ತೆಗೆದುಹಾಕಬಹುದು. ಅವಳೇ ಎತ್ತಿದಳು.

"ಯಾರು? ಗಂಗರಾಜಾ? ಏನಪ್ಪ?"

ಹೇಳಿದರೆ ಇನ್ನು ಯಾವ ಮನೆಯವರೂ ಬಾಗಿಲಿಗೆ ಬಿಟ್ಟುಕೊಳ್ಳುವುದಿಲ್ಲ.

"ಅಕ್ಕ... ಚೀಲ ಎರಡು ಅಂದ್ರಾ, ಮೂರಾ?"

"ಎರಡೇ ಕಣಪ್ಪ," ಅಂದು ಅವಳು ಸ್ವಲ್ಪ ಹೊತ್ತು ಫೋನ್ ಹಿಡಿದೇ ಇದ್ದಳು. ಗಂಗರಾಜು ಇಟ್ಟುಬಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆರನೇ ಮನೆಗೂ ಹೋಗಲಿಲ್ಲ, ಏಳನೆಯದಕ್ಕೂ ಹೋಗಲಿಲ್ಲ.

ಮರುದಿನ ವೇಣುವಿಗೆ ಹೊಟ್ಟೆನೋವು ಅಂದ. ಅದರ ಮರುದಿನವೂ ಅದನ್ನೇ ಅಂದ. ಮುಖ ಕಾಣದ ಕಡೆ ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಅವನಿಗೆ ಗೊತ್ತಿರಲಿಲ್ಲ. ಮೊಬೈಲು ಕೂಗಿದಾಗಲೆಲ್ಲ ಅಕ್ಕಯಮ್ಮನೇ ಇರಬೇಕು, ಹುಳು ಬಿದ್ದವು ಅನ್ನುತ್ತಾಳೆ ಎಂದು ನಂಬರು ನೋಡಿಯೇ ಎತ್ತುತ್ತಿದ್ದ. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನ ಹೆಂಡತಿ ಕೊಂಡಮ್ಮ ಮುದ್ದೆಯನ್ನು ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು, "ಏನಾಗಿದೆ ಅಂತ ಹೇಳಿದ್ರೆ ಹಾಕ್ತೀನಿ," ಅಂದಳು. ಹೇಳಿದ.

"ಫೋನ್ ಮಾಡಿ ಹೇಳ್ಬಿಡ್ರಿ."

"ಮಾಡಿದ್ದೆ. ಆಗ್ಲಿಲ್ಲ."

"ಹಂಗಾದ್ರೆ ಹೋಗಿ ಹೇಳಿ. ಎದುರಿಗೆ ನಿಂತ್ರೆ ಚೀಲ ಎಷ್ಟು ಅಂತ ಕೇಳಕ್ಕಾಗಲ್ಲ," ಅಂದು ಕೊಂಡಮ್ಮ ಮುದ್ದೆ ಹಾಕಿದಳು.

ಮೂರನೇ ದಿನ ಬೆಳಿಗ್ಗೆ ಒಗೆದ ಬಟ್ಟೆ ಹಾಕಿಕೊಂಡು, ಮೊಬೈಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬೈಕಿನ ಡಬ್ಬಿಯಲ್ಲಿಟ್ಟು, ಗಂಗರಾಜು ಅಕ್ಕಯಮ್ಮನ ಮನೆಯ ಗೇಟಿನ ಹೊರಗೆ ನಿಂತ. ಅವಳು ಅಂಗಳದಲ್ಲಿ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಹುಳುವಿಗೆ ಗೂಡು ಕಟ್ಟಲು ಚಂದ್ರಿಕೆ ಬೇಕಾಗಿದೆ ಎಂದರೆ ಹುಳು ಇನ್ನೂ ಇವೆ ಎಂದಾಯಿತು. ಆದರೆ ಅವನು ಆ ಸಮಾಧಾನಕ್ಕೆ ಜಾಗ ಕೊಡಲಿಲ್ಲ. ಮೊದಲು ಹೇಳಬೇಕಾದ್ದನ್ನು ಹೇಳಿದ. ನರಸಿಂಹಪ್ಪನ ಹುಳು, ಹೆಬ್ಬೆರಳು, ಮೊಬೈಲು, ಟೀ ಅಂಗಡಿಯಿಂದ ಮಾಡಿದ ಫೋನು, ಒಂದನ್ನೂ ಬಿಡಲಿಲ್ಲ. ಹೇಳುವಾಗ ನೆಲ ನೋಡುತ್ತಿದ್ದ.

ಅಕ್ಕಯಮ್ಮ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡಳು.

"ನಂಗೊತ್ತು ಕಣಪ್ಪ."

ಗಂಗರಾಜು ತಲೆ ಎತ್ತಿದ.

"ಅಶ್ವತ್ಥಮ್ಮ ನಮ್ಮ ಚಿಕ್ಕಮ್ಮನ ಮಗಳು, ಮರೆತ್ಬಿಟ್ಯಾ? ನೀನು ಅಲ್ಲಿಂದ ಹೊರಟಾಗ ಇಬ್ಬರಿಗೂ ನಿನ್ ಮುಖಕ್ಕೆ ಹೇಳಕ್ಕೆ ಬಾಯಿ ಬರ್ಲಿಲ್ವಂತೆ. ಅವ್ಳು ಓಡೋಗಿ ಅಂಗಡಿಯ ಒಂದು ರೂಪಾಯಿ ಫೋನಲ್ಲಿ ಮಾಡಿದ್ಲು. ಗಂಗರಾಜು ಬಂದ್ರೆ ಒಳಗೆ ಬಿಟ್ಕೋಬೇಡಕ್ಕ, ಬಲಗೈಯಲ್ಲಿ ರೋಗದ ಹುಳು ಒಡೆದು ಅದೇ ಕೈಯಲ್ಲಿ ಫೋನ್ ಎತ್ತಿದ್ದಾನೆ ಅಂತ. ಅವಳಿಗೆ ಲೈನ್ ಸಿಗೋ ಹೊತ್ತಿಗೆ ನೀನು ಬಂದು ಹೋಗಾಗಿತ್ತು."

"ಆಮೇಲೆ?"

"ಆಮೇಲೇನು. ನಿನ್ ಮೊಬೈಲು ವಾಪಸ್ ಕೊಟ್ಮೇಲೆ ನಾನು ಸೊಪ್ಪು ಹಾಕಿದ್ದು ಒಂದೇ ಅಂಕಣಕ್ಕೆ. ಹುಳು ಸಮೇತ ಸುತ್ತಿ ತೋಟದ ಗುಂಡಿಗೆ ಹಾಕಿ ಸುಣ್ಣ ಸುರಿದೆ. ಕೈ ತೊಳ್ಕೊಂಡು ಬಂದು ಕೂತಿದ್ದೆ, ಆಗ ನೀನು ಫೋನ್ ಮಾಡ್ದೆ. ಈಗ ಹೇಳ್ತಾನೆ ಅಂದ್ಕೊಂಡೆ. ಚೀಲ ಎಷ್ಟು ಅಂತ ಕೇಳ್ದೆ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಾನೂ ಫೋನ್ ಹಿಡ್ಕೊಂಡೇ ಇದ್ದೆ ಕಣೋ, ಇನ್ನೇನಾದ್ರೂ ಅಂತಾನೇನೋ ಅಂತ."

ಗಂಗರಾಜುವಿನ ಕಣ್ಣು ತುಂಬಿತು. ಒಂದು ಅಂಕಣದ ಹುಳು ತನ್ನಿಂದ ಮಣ್ಣುಪಾಲಾಯಿತು ಎಂಬ ನೋವು, ಉಳಿದವು ಬದುಕಿದವು ಎಂಬ ನೆಮ್ಮದಿ ಒಟ್ಟೊಟ್ಟಿಗೇ ಬಂದವು.

"ಹಂಗಾದ್ರೆ ನೀವ್ಯಾಕಕ್ಕ ನಂಗೆ ಹೇಳ್ಲಿಲ್ಲ? ಬೈದಾದ್ರೂ ಬಿಡಬಹುದಾಗಿತ್ತು."

"ನಾನು ಹೇಳಿದ್ರೆ ನೀನು ಹೇಳ್ದಂಗೆ ಆಗುತ್ತಾ? ಹುಳು ಏರೋ ತನಕ ನೋಡಣ ಅಂತಿದ್ದೆ. ಇವತ್ತು ಬರ್ದೇ ಇದ್ದಿದ್ರೆ ಇನ್ಮೇಲೆ ಈ ಗೇಟು ನಿನಗೆ ತೆಗೀತಿರ್ಲಿಲ್ಲ."

ಬೈಕಿನ ಡಬ್ಬಿಯೊಳಗಿಂದ ಮೊಬೈಲು ಕೂಗಿತು. ಗಂಗರಾಜು ಅವಸರಪಡಲಿಲ್ಲ. ಮುಖ ಒರೆಸಿಕೊಂಡು ಹೋಗಿ ಎತ್ತಿದ.

"ಹೊಟ್ಟೆನೋವು ಹೆಂಗಿದೆ ಸರ್?" ಅಂದ ವೇಣು.

"ಹೊಟ್ಟೆನೋವು ಇರ್ಲಿಲ್ಲ ಸರ್, ಸುಳ್ಳು ಹೇಳಿದ್ದೆ. ಮೂರು ದಿನದ ಹಿಂದೆ ರೋಗದ ಮನೆಯಿಂದ ಅಕ್ಕಯಮ್ಮನವರ ಮನೆಗೆ ಬಂದು, ಈ ಫೋನಿಂದ ಅವರ ಒಂದು ಅಂಕಣದ ಹುಳು ಮಣ್ಣಿಗೆ ಹೋಯ್ತು. ಇನ್ಮೇಲೆ ಅಂಥ ಮನೆ ಸಿಕ್ಕಿದ ದಿನ ನಾನು ಮುಂದಕ್ಕೆ ಹೋಗಲ್ಲ. ಉಳಿದೋರಿಗೆ ಮನೆಯಿಂದ್ಲೇ ಫೋನ್ ಮಾಡಿ ಆರ್ಡರ್ ತಗೋತೀನಿ. ಅದನ್ನ ಭೇಟಿ ಅಂತಾದ್ರೂ ಬರ್ಕೊಳ್ಳಿ, ಇನ್ನೇನಾದ್ರೂ ಬರ್ಕೊಳ್ಳಿ. ಆಗಲ್ಲ ಅಂದ್ರೆ ಬೇರೆಯವರನ್ನ ಹಾಕ್ಕೊಳ್ಳಿ."

ಆ ಕಡೆ ವೇಣು ಕಾಗದ ತಿರುವುವ ಸದ್ದು ಕೇಳಿತು. ಬೇರೆಯವರನ್ನು ಹಾಕಿಕೊಂಡರೆ ಹೊಸ್ತಿಲು ದಾಟಲು ಅವರಿಗೆ ಹದಿನೆಂಟು ವರ್ಷ ಬೇಕಾದೀತು ಎಂದು ಅವನಿಗೂ ಹೊಳೆದಿರಬೇಕು.

"ಫೋನಲ್ಲಿ ತಗೊಂಡ ಆರ್ಡರ್‌ಗೆ ಬೇರೆ ಕಾಲಂ ಹಾಕಿಸ್ತೀನಿ ಸರ್," ಅಂದ. "ಈ ಕೈಯಿಂದ ಕೈಗೆ ಫೋನ್ ಕೊಡೋದೂ ಬೇಡ, ನಿಲ್ಲಿಸ್ತೀನಿ. ಬಿಸ್ಕತ್ತಲ್ಲಿ ಇದೆಲ್ಲ ಇರ್ಲಿಲ್ಲ ನೋಡಿ. ಇವತ್ತು ಎಷ್ಟು ಮನೆ ಅಂತ ಬರ್ಕೊಳ್ಲಿ?"

"ಒಂದು."

"ಒಂದೇನಾ?"

"ಇಲ್ಲಿ ಹುಳು ಹಣ್ಣಾಗ್ತಾ ಇವೆ ಸರ್."

ಅಕ್ಕಯಮ್ಮ ಗೇಟು ತೆಗೆದು ನಿಂತಿದ್ದಳು. "ಆಳು ಇಬ್ಬರೇ ಬಂದವ್ರೆ. ಸಂಜೆಯೊಳಗೆ ಎಲ್ಲ ಆರಿಸಿ ಚಂದ್ರಿಕೆಗೆ ಬಿಡ್ಬೇಕು. ಕೈ ಕಾಲು ತೊಳ್ಕೊಂಡು ಬಾ."

ಗಂಗರಾಜು ಮೊಬೈಲನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಕೈ ಕಾಲು ತೊಳೆದು ಹೊಸ್ತಿಲು ದಾಟಿದ. ಒಳಗೆ ಸೊಪ್ಪು ಕಡಿಯುವ ಸದ್ದು ನಿಂತುಹೋಗಿತ್ತು. ಅಂಕಣಗಳ ಮೇಲೆ ಹುಳುಗಳು ಮೇವು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅವನು ಮೊದಲು ಸಿಕ್ಕಿದ ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಮೈ ಜೇನಿನ ಬಣ್ಣಕ್ಕೆ ತಿರುಗಿ ತಿಳಿಯಾಗಿತ್ತು. ಚಂದ್ರಿಕೆಯ ತನಕ ಹೋಗುವುದಕ್ಕೂ ತಾಳ್ಮೆಯಿಲ್ಲದೆ ಅದು ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಎಳೆ ಎಳೆದುಬಿಟ್ಟಿತು. ಎಳೆ ತುಂಡಾಗದ ಹಾಗೆ ಬೆರಳನ್ನು ಅಲುಗಿಸದೆ ಅವನು ಸ್ವಲ್ಪ ಹೊತ್ತು ನಿಂತೇ ಇದ್ದ.