ಬೇರೆ ಕೈ ಉಜ್ಜಿದ ಅಂಚು

ಅಕ್ಕ ನನ್ನನ್ನು ಬೈಯುವುದನ್ನು ನಿಲ್ಲಿಸಿ ಮೂರು ತಿಂಗಳಾಗಿತ್ತು. ಕೇಳಿದವರು, ಪುಣ್ಯವಂತೆ, ಹಾಯಾಗಿರು ಎಂದಾರು. ಅವರಿಗೇನು ಗೊತ್ತು ಮಣ್ಣು! ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಬೆಂಚಿನ ಮೇಲೆ ಕೂತು ಕಲ್ಲು ಒಡೆದವರು ನಾವಿಬ್ಬರು. ಗಾಜಿನ ಪೆಟ್ಟಿಗೆಯೊಳಗಿನ ಆದಿಕಾಲದ ಕಲ್ಲಿನ ಚಾಕುಗಳನ್ನು ಜನ ಮುಟ್ಟುವಂತಿಲ್ಲವಲ್ಲ, ಅವರು ಕೈಯಲ್ಲಿ ಹಿಡಿದು ನೋಡಲೆಂದು ಅಂಥವನ್ನೇ ಹೊಸದಾಗಿ ಮಾಡಿಕೊಡುವುದು ನಮ್ಮ ಕೆಲಸ. ನನಗೆ ಕಲಿಸಿದವಳು ಅಕ್ಕ. "ಏ ಎಮ್ಮೆ, ಕಲ್ಲಿಗೆ ಹೊಡೀತಿದ್ದೀಯೋ, ಸೊಳ್ಳೆಗೆ ಹೊಡೀತಿದ್ದೀಯೋ?" ಎನ್ನುವುದೇ ಅವಳ ಬೆಳಗಿನ ನಮಸ್ಕಾರ.

ಆಮೇಲೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಕಾಲು ಮುಕ್ಕಾಲು ಪಾಲು ಉಳಿಯಿತು, ಬಲಗೈ ಹೋಯಿತು. "ನನ್ನ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡು. ಅಲ್ಲಿಗೆ ಬಂದು ನಾನಿನ್ನು ಮಾಡೋದೇನಿದೆ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಬೇಕೆಂದೇ ಕೆಟ್ಟದಾಗಿ ಒಡೆದ ಚಕ್ಕೆಗಳನ್ನು ಮನೆಗೆ ತಂದು ಅವಳ ಮುಂದಿಟ್ಟೆ. ನೋಡಿ, "ಚೆನ್ನಾಗಿದೆ" ಎಂದಳು. ಚೆನ್ನಾಗಿದೆಯಂತೆ! ಅಕ್ಕ ಪೂರ್ತಿ ಕೈಚೆಲ್ಲಿದ್ದಾಳೆ ಎಂದು ಆಗ ಗೊತ್ತಾಯಿತು.

ಅದೇ ಹೊತ್ತಿಗೆ ಉಗ್ರಾಣದವನು ಒಂದು ಹಳೆಯ ಟ್ರೇ ತಂದು ನನ್ನ ಬೆಂಚಿನ ಮೇಲೆ ಕುಕ್ಕಿದ. ಯಾವುದೋ ಉತ್ಖನನದಲ್ಲಿ ಒಂದೇ ಜಾಗದಲ್ಲಿ ಸಿಕ್ಕ ಕಲ್ಲಿನ ಚಕ್ಕೆಗಳು. ಸಾವಿರಾರು ವರ್ಷದ ಹಿಂದೆ ಯಾರೋ ಅಲ್ಲಿ ಕೂತು ಕಲ್ಲು ಒಡೆದು, ಚೂರುಗಳನ್ನು ಬಿಟ್ಟು ಎದ್ದು ಹೋಗಿದ್ದರು. "ಸುಮ್ನೆ ಜಾಗ ತಿಂತಿದೆ. ಜೋಡಿಸ್ತೀರಾ ಜೋಡಿಸಿ, ಇಲ್ಲಾಂದ್ರೆ ಮತ್ತೆ ಗಂಟು ಕಟ್ಟಿ ಇಡ್ತೀನಿ" ಎಂದ.

ಜೋಡಿಸಿದೆ. ಎಂಬತ್ತಮೂರು ಚಕ್ಕೆ, ಏಳು ವಾರ. ಬೇಕೆಂದಾಗ ಬಿಡಿಸಲು ಬರುವಂತೆ ಮೇಣ ಹಚ್ಚಿ ಒಂದಕ್ಕೊಂದು ಕೂರಿಸುತ್ತಾ ಹೋದೆ. ತನ್ನ ಜಾಗ ಸಿಕ್ಕ ಚಕ್ಕೆ ಒಂದು ಕೂದಲೆಳೆಯಷ್ಟೂ ಸಂದು ಬಿಡದೆ ಕೂರುತ್ತದೆ. ಅಂದು ಪೆಟ್ಟು ಬಿದ್ದಾಗ ಬೇರೆಯಾದವು ಮತ್ತೆ ಸೇರಿದ್ದು ನನ್ನ ಅಂಗೈಯಲ್ಲಿ! ಪ್ರತಿ ಸಲವೂ ಮೈ ಜುಮ್ಮೆಂದಿತು.

ಆದರೆ ಒಡೆದವರು ಮಾತ್ರ ನನ್ನಂಥ ದಡ್ಡರೇ. ಹೊಡೆಯುವ ಮುಂಚೆ ಕಲ್ಲಿನ ಅಂಚನ್ನು ಒರಟುಗಲ್ಲಿನಿಂದ ಉಜ್ಜಿ ಗಟ್ಟಿ ಮಾಡಿಕೊಳ್ಳಬೇಕು. ಉಜ್ಜದ ಅಂಚು ಪೆಟ್ಟು ಬಿದ್ದೊಡನೆ ಪುಡಿಯಾಗುತ್ತದೆ, ಏಟು ಒಳಗಿಳಿಯುವುದಿಲ್ಲ, ಚಕ್ಕೆ ಅರ್ಧದಲ್ಲೇ ಮುರಿದು ಕಲ್ಲಿನ ಮೇಲೆ ಮೆಟ್ಟಿಲು ಉಳಿಯುತ್ತದೆ. ಸಿಟ್ಟಿನಿಂದ ಮತ್ತೆ ಅಲ್ಲೇ ಹೊಡೆದರೆ ಮುಂದಿನ ಚಕ್ಕೆಯೂ ಅದೇ ಮೆಟ್ಟಿಲಿಗೆ ಬಂದು ಮುರಿಯುತ್ತದೆ. ಈ ಪುಣ್ಯಾತ್ಮರು ಹಾಗೆ ಆರು ಸಲ ಹೊಡೆದಿದ್ದರು. ಏಳನೆಯದರಿಂದ ಮಾತ್ರ ಏನೋ ಬದಲಾಗಿತ್ತು. ಅದೇನೆಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಮನೆಗೆ ಹೋದವಳೇ ಅಕ್ಕನ ಮೇಲೆ ರೇಗಿದೆ. "ನಿನ್ನ ಸಾಮಾನು ಹಂಚೋಕೆ ನಾನೇನು ನಿನ್ನ ಆಳಾ? ನೀನೇ ಬಂದು ಯಾರಿಗೆ ಬೇಕೋ ಕೊಡು."

ಮರುದಿನ ಬೆಳಿಗ್ಗೆ ಕೋಲೂರಿಕೊಂಡು ಬಂದಳು. ತನ್ನ ಜಾಗದಲ್ಲಿ ಕೂತಳು. ತನ್ನ ಸಾಮಾನಿನ ಖಾನೆ ತೆರೆಯುವ ಮುಂಚೆಯೇ ನಾನು ಆ ಜೋಡಿಸಿದ ಕಲ್ಲನ್ನು ಮುಂದೆ ಸರಿಸಿದೆ.

ಅಂದು ಒಡೆದ ಕ್ರಮದಲ್ಲೇ ಎಡಗೈಯಿಂದ ಒಂದೊಂದೇ ಚಕ್ಕೆ ಬಿಡಿಸಿ, ಪ್ರತಿಯೊಂದರ ಏಟು ಬಿದ್ದ ಬುಡದ ಮೇಲೆ ಹೆಬ್ಬೆರಳು ಆಡಿಸಿದಳು. ಆರನೆಯದಕ್ಕೆ "ಎಮ್ಮೆ" ಎಂದು ಗೊಣಗಿದಳು. ನನ್ನ ಕಿವಿ ನೆಟ್ಟಗಾಯಿತು. ಆದರೆ ಬೈದದ್ದು ನನ್ನನ್ನಲ್ಲ, ಸತ್ತು ಸಾವಿರಾರು ವರ್ಷವಾದವರನ್ನು.

ಏಳನೆಯ ಚಕ್ಕೆ ಉದ್ದವಾಗಿತ್ತು. ಕಲ್ಲಿನ ಎದುರು ತುದಿಯಿಂದ ಬಂದು, ಸಿಕ್ಕಿಬಿದ್ದಿದ್ದ ಮೆಟ್ಟಿಲುಗಳನ್ನೆಲ್ಲ ಒಂದೇ ಏಟಿಗೆ ಎತ್ತಿಕೊಂಡು ಹೋಗಿತ್ತು. ಎಂಟನೆಯದು ಮತ್ತೆ ಮೊದಲಿನ ತುದಿಯಿಂದಲೇ ಬಂದದ್ದು. ಅದರ ಬುಡದ ಮೇಲೆ ಹೆಬ್ಬೆರಳನ್ನು ಮೂರು ಸಲ ಆಡಿಸಿದಳು.

"ಹೊಡೆದಿರೋದು ಅದೇ ಎಮ್ಮೆ. ನೋಡು, ಏಟು ಪಕ್ಕಕ್ಕೆ ಬಿದ್ದಿದೆ," ಎಂದಳು. "ಆದ್ರೆ ಇಷ್ಟು ನುಣ್ಣಗೆ ಈ ಅಂಚು ಉಜ್ಜಿದ್ದು ಬೇರೆ ಕೈ ಕಣೇ."

"ಬೇರೆ ಕೈಯಾ?"

"ಪಕ್ಕದಲ್ಲಿ ಕೂತಿದ್ದೋರು. ಮೆಟ್ಟಿಲು ತೆಗೆದ್ರು, ಅಂಚು ಉಜ್ಜಿದ್ರು, ಕಲ್ಲನ್ನ ತಿರುಗಿ ಆ ಎಮ್ಮೆ ಕೈಗೇ ಕೊಟ್ರು."

ಅವರು ಯಾರೋ, ತಾಯಿಯೋ, ಅಣ್ಣನೋ, ಯಾವ ಭಾಷೆಯಲ್ಲಿ ಬೈದರೋ, ಒಂದೂ ಉಳಿದಿಲ್ಲ. ಆ ತಿರುಗಿ ಕೊಟ್ಟದ್ದು ಮಾತ್ರ ಉಳಿದಿತ್ತು, ಕೈಯಲ್ಲಿ ಹಿಡಿಯುವಂತೆ. ನನಗೆ ಕೈಮುಗಿಯಬೇಕೆನ್ನಿಸಿತು. ಅಲ್ಲಿಂದ ಮುಂದೆ ಎಲ್ಲ ಚಕ್ಕೆಗಳ ಅಂಚೂ ಹಾಗೇ ನುಣ್ಣಗಿತ್ತು, ಏಟು ಮಾತ್ರ ಒಂದಕ್ಕಿಂತ ಒಂದು ನೆಟ್ಟಗಾಗುತ್ತಾ ಬಂದಿತ್ತು. ಕೊನೆಯ ಚಕ್ಕೆಯ ಜಾಗ ಖಾಲಿ. ಅದು ಚೆನ್ನಾಗಿ ಬಂದಿರಬೇಕು, ಎತ್ತಿಕೊಂಡು ಹೋಗಿದ್ದಾರೆ.

ಅಕ್ಕ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಖಾನೆ ಎಳೆದು ಉಜ್ಜುವ ಕಲ್ಲನ್ನು ಎಡಗೈಗೆ ತೆಗೆದುಕೊಂಡಳು.

"ನಿನ್ನ ಕಲ್ಲು ಕೊಡು."

ಮೂರು ವಾರದಿಂದ ಮೆಟ್ಟಿಲು ಕಟ್ಟಿಕೊಂಡು ಕೂತಿದ್ದ ನನ್ನ ಕಲ್ಲು ಕೊಟ್ಟೆ. ತೊಗಲು ಹಾಸಿದ ತೊಡೆಗಳ ನಡುವೆ ಅದನ್ನು ಇರುಕಿಸಿಕೊಂಡು ಎದುರು ತುದಿಯನ್ನು ಉಜ್ಜತೊಡಗಿದಳು. ಮುಂಚೆ ಕಣ್ಣುಮಿಟುಕಿಸುವುದರಲ್ಲಿ ಮುಗಿಸುತ್ತಿದ್ದ ಕೆಲಸ, ಈಗ ಕಾಲು ಗಂಟೆ ಹಿಡಿಯಿತು. ಕಲ್ಲು ಎರಡು ಸಲ ಜಾರಿತು. ಕೈ ಚಾಚಿದ್ದಕ್ಕೆ "ಮುಟ್ಬೇಡ" ಎಂದಳು. ಕೊನೆಗೆ ಹೆಬ್ಬೆರಳಿಟ್ಟು ತೋರಿಸಿದಳು. "ಇಲ್ಲಿ. ಕೊಂಬಿನ ಸುತ್ತಿಗೆ ತಗೋ."

ಕಲ್ಲನ್ನು ನನ್ನ ತೊಡೆಗಿಟ್ಟುಕೊಂಡು ಹೊಡೆದೆ. ಕೋಣೆಯಲ್ಲಿ ಗಾಜು ನುಡಿದಂಥ ಸದ್ದಾಯಿತು. ಅಂಗೈಯುದ್ದದ ಚಕ್ಕೆ ತೊಗಲಿನ ಮೇಲೆ ಬಂದು ಮಲಗಿತ್ತು. ಮೆಟ್ಟಿಲುಗಳೆಲ್ಲ ಅದರ ಬೆನ್ನ ಮೇಲಿದ್ದವು. ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಹಾಯುತ್ತಿತ್ತು.

ಅಕ್ಕ ಅದನ್ನು ಕಿತ್ತುಕೊಂಡು ಹೆಬ್ಬೆರಳು ಆಡಿಸಿದಳು. ದೇವರೇ, ಈಗ ಇವಳು "ಚೆನ್ನಾಗಿದೆ" ಎಂದುಬಿಟ್ಟರೆ ನಾನು ಕೆಟ್ಟೆ ಎಂದುಕೊಂಡೆ.

"ಏ ಎಮ್ಮೆ, ಮೊಣಕೈ ಯಾಕೆ ಎತ್ತಿದೆ? ಇಪ್ಪತ್ತೆರಡು ವರ್ಷದಿಂದ ಬಡ್ಕೋತಿದ್ದೀನಲ್ಲ!"

ಗೊಳೋ ಎಂದು ಅತ್ತುಬಿಟ್ಟೆ.

"ಅಳೋದು ಆಮೇಲೆ," ಎಂದಳು ಅಕ್ಕ, ಉಜ್ಜುವ ಕಲ್ಲನ್ನು ಸೀರೆಗೆ ಒರೆಸಿಕೊಳ್ಳುತ್ತಾ. "ತಿರುಗಿಸಿ ಈ ಕಡೆ ಕೊಡು. ಮುಂದಿನ ಅಂಚು ಉಜ್ಜಬೇಕು."