ಸೌದೆಗೂ ಉಸಿರು ಬೇಕು

ಮರದ ವಿಷಯದಲ್ಲಿ ಅಲ್ಫೇಯೊ ಯಾರ ಮಾತನ್ನೂ ಕೇಳಿದವನಲ್ಲ. ಹಿಮ ಬೀಳುವ ಕಾರ್ನಿಯಾದ ಬೆಟ್ಟಗಳಲ್ಲಿ ನಲವತ್ತು ವರ್ಷ ಬೀಚ್ ಮರ ಕಡಿದವನಿಗೆ ಸೌದೆಯ ಪಾಠ ಹೇಳುವ ಎದೆಗಾರಿಕೆ ಯಾರಿಗಿದೆ? ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆದರೆ ತಂಗಿ ಡೆಲ್ಫೀನಾಳ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಆಮ್ಲಜನಕದ ನಳಿಗೆ ಬಂತು. ಸೌದೆ ಹೊಗೆ ಸುಳಿಯಲೇ ಕೂಡದು ಎಂದರು ಡಾಕ್ಟರು. ಕೆಳಗಿನ ಅಂತಸ್ತು ಹಳೇ ದನದ ಕೊಟ್ಟಿಗೆ, ಕಲ್ಲಿನ ಗೋಡೆ ಸದಾ ಬೆವರುತ್ತದೆ. ಅವಳನ್ನು ಮಲಗಿಸಲು ಮಹಡಿಯೇ ಗತಿ. ಹಾಗಾಗಿ ಮಹಡಿಯಲ್ಲಿದ್ದ ಅಪ್ಪನ ಕಾಲದ ಕಬ್ಬಿಣದ ಒಲೆಯನ್ನು ಕಿತ್ತು, ಆ ಜಾಗದಲ್ಲಿ ಪೆಲೆಟ್ ಒಲೆ ಕೂರಿಸಿದರು. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಸಣ್ಣ ತುಂಡುಗಳನ್ನು ತಾನೇ ಎಳೆದುಕೊಂಡು ಉರಿಯುವ ಒಲೆ ಅದು. ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ ಹೋಗುತ್ತದೆ.

"ಕೋಣೆ ಬೆಚ್ಚಗಿದ್ರೆ ಇಲ್ಲೇ ಇರ್ಲಿ. ತಣ್ಣಗಾದ್ರೆ ಮಾತ್ರ ಕೆಳಗಿನೂರಿನ ಆರೈಕೆ ಮನೆಗೆ ಕಳಿಸ್ಲೇಬೇಕು," ಎಂದಿದ್ದರು ಡಾಕ್ಟರು.

ಅವರು ಹೋದ ಮೇಲೆ ಡೆಲ್ಫೀನಾ ಅಣ್ಣನ ಮುಂಗೈ ಹಿಡಿದುಕೊಂಡಿದ್ದಳು. "ಅಲ್ಲಿಗೆ ಮಾತ್ರ ಕಳಿಸ್ಬೇಡ ಕಣೋ. ಈ ಊರಿಂದ ಹೋದೋರು ಒಬ್ರಾದ್ರೂ ವಾಪಸ್ ಬಂದಿದಾರಾ, ಹೇಳು?"

"ನಾನಿರೋವಾಗ ಯಾರು ಕಳಿಸ್ತಾರೆ ನಿನ್ನ? ಸುಮ್ನಿರು," ಎಂದು ಅಲ್ಫೇಯೊ ಗದರಿದ್ದ.

ಆ ಮಾತು ಕೊಟ್ಟದ್ದು ಸೆಪ್ಟೆಂಬರಿನಲ್ಲಿ. ಈಗ ಜನವರಿ. ನಿನ್ನೆ ಬೆಳಗ್ಗೆ ಗುಡ್ಡದ ಹಿಮ ಜಾರಿ ರಸ್ತೆ ಮುಚ್ಚಿತು. ಅದಾಗಿ ಒಂದು ಗಂಟೆಯೂ ಆಗಿರಲಿಲ್ಲ, ಒಲೆ ಕೀಂ ಕೀಂ ಎಂದು ಕೂಗಿ ಆರಿಹೋಯಿತು. ಅಲ್ಫೇಯೊ ಮತ್ತೆ ಹೊತ್ತಿಸಿದ. ಗಾಜು ಕಪ್ಪಾಯಿತು, ಪೆಲೆಟ್ ಎಳೆಯುವ ಒಳಗಿನ ಸುರುಳಿ ನರಳಿತು, ಮತ್ತೆ ಆರಿತು.

ಒಲೆ ಕೂರಿಸಿದ್ದ ಎರ್ಮೆಸ್ ಅದೇ ಊರಿನವನು. ಮೊಣಕಾಲುದ್ದದ ಹಿಮದಲ್ಲಿ ನಡೆದು ಬಂದು, ಒಲೆಯ ಹೊಟ್ಟೆಗೆ ಕೈಹಾಕಿ ಒಂದು ಹಿಡಿ ಎಳೆದ. ತುಂಡುಗಳಲ್ಲ, ಒದ್ದೆ ಹೊಟ್ಟು. ಅವನು ನೇರ ಕೊಟ್ಟಿಗೆಯ ಪಕ್ಕದ ಸೌದೆ ಗೂಡಿಗೆ ಇಳಿದ. ಅಲ್ಫೇಯೊ ಹಿಂದೆಯೇ ಹೋದ.

"ಅಯ್ಯೋ ದೇವ್ರೇ! ಈ ಚೀಲಗಳ್ನ ಯಾರು ಕುಯ್ದಿದ್ದು?" ಎಂದು ಎರ್ಮೆಸ್ ಕೂಗಿದ.



ಕುಯ್ದವನು ಅಲ್ಫೇಯೊನೇ. ಎಪ್ಪತ್ತು ಪೆಲೆಟ್ ಚೀಲಗಳ ಪ್ಲಾಸ್ಟಿಕ್ಕನ್ನು ಅಕ್ಟೋಬರಿನ ಬಿಸಿಲಲ್ಲಿ ಕೂತು, ಕಿಸೆಗತ್ತಿಯಿಂದ ಎರಡೂ ಬದಿ ಸೀಳಿದ್ದ. ಕಟ್ಟಿಹಾಕಿದ ಸೌದೆ ಮುಗ್ಗುತ್ತದೆ, ಸೌದೆಗೂ ಉಸಿರು ಬೇಕು. ಅವರಪ್ಪ ಹೇಳುತ್ತಿದ್ದದ್ದು ಅದನ್ನೇ, ಅಜ್ಜ ಹೇಳುತ್ತಿದ್ದದ್ದೂ ಅದನ್ನೇ. ಆಮೇಲೆ ಗಾಳಿಯಾಡುವ ಹಲಗೆ ಗೂಡಿನಲ್ಲಿ, ಬೀಚ್ ಒಣಗಿಸುವ ಹಾಗೇ ಒಪ್ಪವಾಗಿ ಪೇರಿಸಿದ್ದ. ಮನೆಯೊಳಗಿದ್ದ ಮೊದಲ ಕಂತು ಮೊನ್ನೆಯವರೆಗೂ ಬಂತು. ಗೂಡಿನಲ್ಲಿದ್ದದ್ದು ಅಷ್ಟರಲ್ಲಿ ನವೆಂಬರಿನ ಮಳೆ ಮಂಜನ್ನೆಲ್ಲ ಕುಡಿದು ಊದಿಕೊಂಡಿತ್ತು.

"ಒಣ ಜಾಗದಲ್ಲಿಡು ಅಂದಿದ್ನಲ್ಲ ಮಾರಾಯ!"

"ಈ ಗೂಡಲ್ಲಿ ನೂರು ವರ್ಷದಿಂದ ಸೌದೆ ಒಣಗಿದೆ."

"ಇದು ಸೌದೆ ಅಲ್ವೋ! ಒಣಗಿಸಿಯೇ ಮಾಡಿರೋದು. ಗಾಳಿ ತಾಗಿದ್ರೆ ಹಾಳಾಗುತ್ತೆ!"

ಎರ್ಮೆಸ್‌ಗೆ ಅಳು ಬರುವುದೊಂದು ಬಾಕಿ. ಮೂರು ಹೊತ್ತು ಮೆಕ್ಕೆಜೋಳದ ಪೊಲೆಂಟಾ ಮುದ್ದೆ ತಿಂದು ಬೆಳೆದ ಆ ದೊಡ್ಡ ದೇಹ ಹಲಗೆಗೆ ಒರಗಿ ನಿಂತುಬಿಟ್ಟಿತು.

ಊರಲ್ಲಿ ಬೇರೆ ಯಾರ ಮನೆಯಲ್ಲೂ ಪೆಲೆಟ್ ಇರಲಿಲ್ಲ. ಸುತ್ತ ಕಾಡಿರುವಾಗ ದುಡ್ಡು ಕೊಟ್ಟು ಹೊಟ್ಟು ತರುವ ಹುಚ್ಚು ಯಾರಿಗೆ? ಸುದ್ದಿ ತಿಳಿದ ನೆರೆಯವರು ಪಾಪ, ತೋಳ್ತುಂಬ ಬೀಚ್ ಸೌದೆ ಹೊತ್ತು ತಂದರು. ಒಣಗಿ ಟಣ್ ಎನ್ನುವ ಸೌದೆ. ಅಂಗಳದಲ್ಲಿ ರಾಶಿ ಬಿತ್ತು. ಒಂದು ತುಂಡನ್ನೂ ಉರಿಸುವಂತಿಲ್ಲ. ಅಲ್ಫೇಯೊ ಒದ್ದೆ ಪೆಲೆಟ್ಟನ್ನು ತಟ್ಟೆಯಲ್ಲಿ ಹರವಿ ಅಡುಗೆಯ ಗ್ಯಾಸಿನ ಮೇಲೆ ಒಣಗಿಸಿ ನೋಡಿದ, ಪುಡಿಪುಡಿಯಾಯಿತು. ಯಾರೋ ಕೊಟ್ಟ ಕರೆಂಟಿನ ಹೀಟರು ಮಹಡಿಯನ್ನು ಹನ್ನೊಂದು ಡಿಗ್ರಿಯ ಮೇಲೆ ಏರಿಸಲಿಲ್ಲ. ಎರಡನೆಯದನ್ನು ಹಚ್ಚಿದರೆ ಮನೆಯ ಕರೆಂಟೇ ಹೋಗಿ, ತಂಗಿಯ ಆಮ್ಲಜನಕದ ಯಂತ್ರವೂ ನಿಂತಿತು. ಓಡಿಹೋಗಿ ಹೀಟರು ಕಿತ್ತೆಸೆದ.

ಇವತ್ತು ಬೆಳಗ್ಗೆ ಡೆಲ್ಫೀನಾಳ ತುಟಿ ನೀಲಿಗಟ್ಟಿತ್ತು. ಡಾಕ್ಟರು ಫೋನಿನಲ್ಲಿ ಒಂದೇ ಮಾತು ಹೇಳಿದರು: ಕಳಿಸಿ. ಹತ್ತು ಗಂಟೆಗೆ ಬೆಟ್ಟದ ರಕ್ಷಣಾ ದಳದ ನಾಲ್ವರು ಜಾರುಬಂಡಿ ಎಳೆದುಕೊಂಡು ಬಂದರು. ಅವಳನ್ನು ಕಂಬಳಿಯಲ್ಲಿ ಸುತ್ತಿ, ಆಮ್ಲಜನಕದ ಸಣ್ಣ ಸಿಲಿಂಡರ್ ಪಕ್ಕಕ್ಕಿಟ್ಟು, ಮೆಟ್ಟಿಲಿಳಿಸಿ ತಂದರು. ಅಲ್ಫೇಯೊ ಕೈಕೈ ಹಿಸುಕಿಕೊಳ್ಳುತ್ತ ಅವರ ಹಿಂದೆ ಮುಂದೆ ಓಡಾಡಿದ. ಅವನಿಂದ ಯಾರಿಗೂ ಏನೂ ಬೇಕಿರಲಿಲ್ಲ.

"ನಮ್ಮಣ್ಣಂದೇನೂ ತಪ್ಪಿಲ್ಲಪ್ಪಾ," ಡೆಲ್ಫೀನಾ ಬಂಡಿಯ ಪಟ್ಟಿ ಬಿಗಿಯುತ್ತಿದ್ದವನಿಗೆ ಏದುಸಿರಲ್ಲಿ ಹೇಳಿದಳು. "ಆ ಹಾಳು ಯಂತ್ರದ್ದು."

ಅಲ್ಫೇಯೊ ಹಿಮದಲ್ಲಿ ಮೊಣಕಾಲೂರಿದ. "ಯಂತ್ರದ್ದಲ್ಲ ಕಣೇ. ನಾನು! ನಾನೇ ಚೀಲ ಎಲ್ಲಾ ಕುಯ್ದೆ. ನಿನ್ನ ಬೆಚ್ಚಗಿಡೋದನ್ನ ನನ್ನ ಕೈಯಾರೆ ಹಾಳ್ಮಾಡ್ದೆ."

"ಗೊತ್ತು ಬಿಡೋ."

"ಗೊತ್ತಾ?"

"ಕಿಟಕೀಲಿ ನೋಡ್ತಿದ್ನಲ್ಲ. ಎಷ್ಟು ಚೆನ್ನಾಗಿ ಮಾಡ್ತಿದಾನೆ, ಥೇಟ್ ಅಪ್ಪನ ಹಾಗೇ ಅಂದ್ಕೊಂಡೆ." ಅವಳು ಉಸಿರಿಗಾಗಿ ತಡೆದಳು. "ಗೂಡಿನ ಮೂಲೇಲಿ ಒಂದು ಚೀಲ ಕುಯ್ಯದೆ ಬಿಟ್ಬಿಟ್ಟಿದ್ದೆ ನೀನು. ಅದನ್ನೂ ಕುಯ್ಯೋ ಅಂತ ಕೂಗೋಣ ಅಂದ್ಕೊಂಡೆ. ಉಸಿರು ಸಾಲ್ಲಿಲ್ಲ."

ನಾಲ್ವರೂ ಹಗ್ಗ ಹೆಗಲಿಗೇರಿಸಿದರು. ಬಂಡಿ ಚರ್ಚಿನ ತಿರುವಿನವರೆಗೂ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ.

ಸೀಳದ ಒಂದು ಚೀಲವೆಂದರೆ ಒಂದು ದಿನದ ಬೆಂಕಿ. ನಿನ್ನೆ ಅದು ಸಿಕ್ಕಿದ್ದರೆ ಇವತ್ತು ಅವಳು ಇನ್ನೂ ಮಹಡಿಯಲ್ಲೇ ಇರುತ್ತಿದ್ದಳು. ಅಲ್ಫೇಯೊ ಗೂಡಿನ ಬಾಗಿಲ ತನಕ ಹೋದ. ಒಳಗೆ ಹೋಗಿ ಆ ಮೂಲೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ.