ಬಾಣವಿಲ್ಲದ ಕಲ್ಲು

ಓಬಳೇಶ ನನ್ನನ್ನು ಬಂಡೆಯಿಂದ ಕೊರೆದು ಕಿತ್ತು, ಉಫ್ ಎಂದು ಧೂಳು ಊದಿ, ಬಿಸಿಲಿಗೆ ಹಿಡಿದು ತಿರುಗಿಸಿದ.

"ನೋಡಮ್ಮ, ಕೂದ್ಲೆಳೆಯಷ್ಟೂ ಬಿರುಕಿಲ್ಲ. ಬೆಣ್ಣೆ ಕುಯ್ದಂಗೆ ಬಂದದೆ."

ದಿಕ್ಸೂಚಿ ಹಿಡಿದು ಬರುತ್ತಿದ್ದ ಭೂವಿಜ್ಞಾನಿ ಇಂದುಮತಿ ಮೇಡಂ ಅಲ್ಲೇ ನಿಂತರು. "ಕಿತ್ತುಬಿಟ್ಟೆಯಾ? ಗೆರೆ ಹಾಕೋ ತನಕ ಮುಟ್ಟಬೇಡ ಅಂದಿದ್ನಲ್ಲ."

ಹದಿನೈದು ವರ್ಷ ಪಾವಗಡದ ಕಡೆ ಕಲ್ಲು ಕ್ವಾರಿಗಳಲ್ಲಿ ದುಡಿದ ಕೈ ಓಬಳೇಶನದು. ಕೊರೆದದ್ದನ್ನು ತಕ್ಷಣ ಎತ್ತಿ ಧಣಿಯ ಕಣ್ಣಿಗೆ ಹಿಡಿಯುವುದೇ ಅಲ್ಲಿನ ಮರ್ಯಾದೆ. ಆ ಮರ್ಯಾದೆ ನನ್ನ ಬಾಳನ್ನು ಹಾಳು ಮಾಡಿತು.

ನಾನು ಹೆಬ್ಬೆರಳ ಗಾತ್ರದ, ದುಂಡನೆಯ ಕರಿಕಲ್ಲಿನ ತುಂಡು. ಇನ್ನೂರು ಕೋಟಿ ವರ್ಷಗಳ ಹಿಂದೆ ನೆಲದ ಬಿರುಕಿನಲ್ಲಿ ಕುದಿಯುತ್ತ ಮೇಲೆದ್ದು, ಅಲ್ಲೇ ಆರಿದವನು. ಆರುವಾಗ ನನ್ನೊಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರಕ್ಕೆ ಮುಖ ಮಾಡಿ ನಿಂತವು. ಆಮೇಲೆ ನೆಲ ತೇಲಿತು, ತಿರುಗಿತು, ಎಲ್ಲಿಂದ ಎಲ್ಲಿಗೋ ಬಂತು, ಕಣಗಳು ಕದಲಲಿಲ್ಲ. ಅವು ನೋಡುವ ದಿಕ್ಕು ತಿಳಿದರೆ ಈ ನೆಲ ಅಂದು ಎಲ್ಲಿತ್ತೆಂದು ಹೇಳಬಹುದು. ಆದರೆ ನಾನು ಬಂಡೆಯಲ್ಲಿ ಹೇಗೆ ಕೂತಿದ್ದೆ ಎಂಬುದು ಮೊದಲು ಗೊತ್ತಿರಬೇಕು. ಅದಕ್ಕೇ ಕೀಳುವ ಮುನ್ನ ಮೈಮೇಲೆ ಒಂದು ಬಾಣ ಗೀಚುವುದು.

ಗೇಣು ದೂರದಲ್ಲಿ, ಕಾಲು ಗಂಟೆ ತಡವಾಗಿ ಕೊರೆಸಿಕೊಂಡು ಹುಟ್ಟಿದ ನನ್ನ ತಮ್ಮನಿಗೆ ಬಾಣ ಸಿಕ್ಕಿತು. ಹತ್ತಿ ಸುತ್ತಿದ ಡಬ್ಬಿಯೂ ಸಿಕ್ಕಿತು. ನನಗೆ ಸಿಕ್ಕಿದ್ದು ಮೇಡಂ ಚೀಲದ ತಳ, ಅರ್ಧ ತಿಂದ ಕಡಲೆಮಿಠಾಯಿಯ ಜೊತೆ.

ಪ್ರಯೋಗಾಲಯದಲ್ಲಿ ಅವನನ್ನು ಮುಟ್ಟುವ ಮೊದಲು ಮೇಡಂ ವಾಚು ಬಿಚ್ಚಿಡುತ್ತಿದ್ದರು. ನನ್ನಿಂದ ಚಹಾಕ್ಕೆ ಏಲಕ್ಕಿ ಕುಟ್ಟುತ್ತಿದ್ದರು. ಅವನನ್ನು ಒಲೆಯೊಳಗಿಟ್ಟು ಹಂತಹಂತವಾಗಿ ಕಾಯಿಸಿ, ಪ್ರತಿ ಸಲವೂ ದಿಕ್ಕು ಅಳೆದರು. ಕೊನೆಗೆ ಅವನ ಕಣಗಳು ಎಲ್ಲವನ್ನೂ ಮರೆತು ಬರಿದಾದವು. ಅದಕ್ಕೂ ನನಗೆ ಹೊಟ್ಟೆಕಿಚ್ಚು. ಅವನ ಉತ್ತರ ಕೇಳುವವರು ಇದ್ದರಲ್ಲ. ನನ್ನೊಳಗೂ ಅದೇ ಉತ್ತರ ಇತ್ತು, ಇಂದಿಗೂ ಇದೆ.

ಮೂರು ವರ್ಷದ ಮೇಲೆ, ಮೇಡಂ ಬರೆದು ಕಳಿಸಿದ್ದ ಲೇಖನ ಪತ್ರಿಕೆಯಿಂದ ವಾಪಸ್ ಬಂತು. ಒಂದು ಕಲ್ಲಿನ ಸಾಕ್ಷಿ ಸಾಲದು, ಇನ್ನೊಂದು ಬೇಕಂತೆ. ಅಲ್ಲಿ ಕೊರೆದ ಉಳಿದ ತುಂಡುಗಳ ನೆನಪನ್ನು ಎಂದೋ ಬಡಿದ ಸಿಡಿಲು ಕೆಡಿಸಿತ್ತು. ಮತ್ತೆ ಕೊರೆಯೋಣವೆಂದರೆ ಗುಡ್ಡವೇ ಇರಲಿಲ್ಲ. ಕ್ವಾರಿಯ ಪಾಲಾಗಿ, ಯಾರ ಯಾರದೋ ಅಡುಗೆಕಟ್ಟೆಯಾಗಿ ಹೋಗಿತ್ತು. ಉಳಿದವನು ನಾನೊಬ್ಬ.

ಮೇಡಂ ಓಬಳೇಶನನ್ನು ಕರೆಸಿದರು. ಅವನು ಸ್ಟೂಲಿನ ಅಂಚಿನಲ್ಲಿ ಕೂತು ನನ್ನನ್ನು ಕಂಡು ನಕ್ಕ. "ಇನ್ನೂ ಮಡಗಿದ್ದೀರಾ ಇದ್ನ? ಏಲಕ್ಕಿ ವಾಸ್ನೆ ಬತ್ತದೆ."

ಮೇಡಂ ನಗಲಿಲ್ಲ. ನನ್ನನ್ನೂ ಗೀಚುವ ಹಿತ್ತಾಳೆ ಕಡ್ಡಿಯನ್ನೂ ಅವನ ಕೈಗಿಟ್ಟರು. "ಕಿತ್ತವನು ನೀನೇ. ಯಾವ ಮಗ್ಗುಲು ಮೇಲಿತ್ತು, ಗೆರೆ ಎಳಿ. ಲೇಖನದಲ್ಲಿ ನಿನ್ನ ಹೆಸರೂ ಹಾಕ್ತೀನಿ."

ಅವನ ಹೆಬ್ಬೆರಳು ನನ್ನ ಮೈಮೇಲೆ ಮೆಲ್ಲಗೆ ಸುತ್ತಿತು. ಎಳಿ, ಎಲ್ಲಾದರೂ ಎಳಿ ಎಂದು ನಾನು ಬೇಡಿಕೊಂಡೆ. ಸುಳ್ಳಾದರೂ ಸರಿ. ಗಾಜಿನ ಕಪಾಟಿನಲ್ಲಿ ಬರಿದಾಗಿ ಮಲಗಿದ್ದ ತಮ್ಮನ ಪಕ್ಕದಲ್ಲಿ ನನಗೊಂದು ಜಾಗ.

"ಬಿಸಿಲಿಗೆ ಹಿಡ್ದು ತಿರುಗ್ಸಿದ್ನಲ್ಲಮ್ಮ ಅವತ್ತು. ಎಷ್ಟು ಸುತ್ತು ಸುತ್ಸಿದ್ನೋ."

"ಅಂದಾಜಾದರೂ ಸಾಕು, ಓಬಳೇಶ."

ಅವನು ನನ್ನನ್ನು ಮೇಜಿನ ಮೇಲಿಟ್ಟ. ಕಡ್ಡಿಯನ್ನು ಅವರತ್ತ ಸರಿಸಿದ.

"ಇಲ್ಲಮ್ಮ. ನಾ ಎಳೆಯಾಕಿಲ್ಲ."